ಬೆಳಗಾವಿಯಲ್ಲಿ ಐಟಿ ಸಲಹೆಯ ದಂಧೆ: ಹೀಟ್ ನಂಬರಿನಿಂದ ಸ್ವಂತ ಕಂಪನಿಯವರೆಗೆ

ಬೆಂಗಳೂರು, ಪುಣೆಯಲ್ಲಿ ಐದಾರು ವರ್ಷ ದುಡಿದು ಊರಿಗೆ ಬಂದು ಸ್ವಂತ ದಂಧೆ ಶುರುಮಾಡುವವರ ವಿಸಿಟಿಂಗ್ ಕಾರ್ಡಿನಲ್ಲಿ ಸಾಮಾನ್ಯವಾಗಿ ಆರೇಳು ಸೇವೆಗಳ ಹೆಸರು ಇರುತ್ತವೆ: ವೆಬ್‌ಸೈಟ್, ಮೊಬೈಲ್ ಆ್ಯಪ್, ಇಆರ್‌ಪಿ (ಕಂಪನಿಯ ಎಲ್ಲ ಲೆಕ್ಕ ಒಂದೇ ಕಡೆ ನೋಡುವ ಸಾಫ್ಟ್‌ವೇರು), ಕ್ಲೌಡ್, ನೆಟ್‌ವರ್ಕಿಂಗ್, ಈಗೀಗ ಎಐ. ಆ ಕಾರ್ಡ್ ಹಿಡಿದು ಉದ್ಯಮಬಾಗದ ಫೌಂಡ್ರಿಗೆ, ಅಂದರೆ ಲೋಹದ ಎರಕ ಹೊಯ್ಯುವ ಕಾರ್ಖಾನೆಗೆ, ಹೋದರೆ ಮಾಲಕರು ಚಹಾ ಕುಡಿಸಿ ಕಳಿಸುತ್ತಾರೆ. ಅದೇ ಮಾಲಕರ ಮುಂದೆ ಕೂತು, "ನಿಮ್ಮ ಗಿರಾಕಿ ವಾಪಸ್ ಕಳಿಸಿದ ಎರಕ ಯಾವ ಹೀಟಿಂದು ಅಂತ ಹತ್ತು ನಿಮಿಷದಾಗ ಸಿಗೋ ಹಂಗ ಮಾಡಿಕೊಡ್ತೀನ್ರೀ" ಎಂದು ನೋಡಿ. ಅವರು ಸೂಪರ್‌ವೈಸರನ್ನು ಒಳಗೆ ಕರೆಯುತ್ತಾರೆ. ಹೀಟ್ ಎಂದರೆ ಭಟ್ಟಿಯಲ್ಲಿ ಒಂದು ಸಲಕ್ಕೆ ಕರಗಿಸಿದ ಲೋಹ; ಪ್ರತಿ ಸಲಕ್ಕೂ ಒಂದು ನಂಬರು ಇರುತ್ತದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಐಟಿ ಸಲಹೆಗಾರನಾಗಿ ನಿಲ್ಲಬೇಕೆಂದರೆ ಮೊದಲು ಇಲ್ಲಿನ ಒಂದು ಕಸುಬನ್ನು ಹಿಡಿಯಬೇಕು. ತಂತ್ರಜ್ಞಾನ ಗೊತ್ತಿರುವ ಹುಡುಗರಿಗೆ ಇಲ್ಲಿ ಕೊರತೆಯಿಲ್ಲ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೇಂದ್ರ ಕಚೇರಿಯೇ ಬೆಳಗಾವಿಯಲ್ಲಿದೆ, ಗೋಗಟೆ ಎಂಜಿನಿಯರಿಂಗ್ ಕಾಲೇಜು ಇಲ್ಲಿಯೇ ಇದೆ, ಬಾಗಲಕೋಟೆಯಲ್ಲಿ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿದೆ. ಕೋಡ್ ಬರೆಯುವುದರ ಜೊತೆಗೆ ಮೋಲ್ಡಿಂಗ್ ಮರಳಿನ ತೇವಾಂಶ ಯಾಕೆ ಬರೆದಿಡಬೇಕು, ಕಬ್ಬು ಕಡಿಯುವ ಗ್ಯಾಂಗಿಗೆ ಕೊಟ್ಟ ಮುಂಗಡ ಯಾವ ಖಾತೆಯಲ್ಲಿ ಮುರಿಯುತ್ತದೆ ಎಂದು ಗೊತ್ತಿರುವವರು ಸಿಗುವುದು ಕಷ್ಟ. ಇಲ್ಲಿ ಮಾಲಕರು ಹಣ ಕೊಡುವುದು ಈ ಎರಡನೆಯ ತಿಳಿವಳಿಕೆಗೆ.

ಯಾವ ಕಸುಬು?

ಮೂರೂ ಜಿಲ್ಲೆಗಳಿಗೆ ತಮ್ಮತಮ್ಮ ಜಾಯಮಾನವಿದೆ. ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಹೊನಗಾದಲ್ಲಿ ಫೌಂಡ್ರಿ, ಮಷಿನ್ ಶಾಪ್, ಹೈಡ್ರಾಲಿಕ್ಸ್. ಹತ್ತರಗಿ ಬಳಿ ಏಕಸ್ ಕಂಪನಿಯ ವಿಶೇಷ ಆರ್ಥಿಕ ವಲಯದಲ್ಲಿ ವಿಮಾನದ ಬಿಡಿಭಾಗ. ಬಾಗಲಕೋಟೆಯಲ್ಲಿ ಸಿಮೆಂಟು, ಗ್ರಾನೈಟು, ಮುಧೋಳ-ಜಮಖಂಡಿ ಕಡೆ ಸಕ್ಕರೆ, ರಬಕವಿ-ಬನಹಟ್ಟಿಯಲ್ಲಿ ಪವರ್‌ಲೂಮ್, ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ). ವಿಜಯಪುರದಲ್ಲಿ ದ್ರಾಕ್ಷಿ, ಒಣದ್ರಾಕ್ಷಿ, ಅದನ್ನು ಇಡುವ ಕೋಲ್ಡ್ ಸ್ಟೋರೇಜು, ಇಂಡಿ ಕಡೆಯ ಲಿಂಬೆ.

ಆಯ್ಕೆ ಮಾಡುವಾಗ ಎರಡು ಪ್ರಶ್ನೆ ಕೇಳಿಕೊಂಡರೆ ಸಾಕು. ಒಂದೇ ಬಗೆಯ ಘಟಕಗಳು ಬೈಕಿನಲ್ಲಿ ಒಂದು ತಾಸಿನ ದಾರಿಯೊಳಗೆ ಕನಿಷ್ಠ ಮೂವತ್ತು ಇವೆಯೇ? ಆ ಕಸುಬಿನಲ್ಲಿ ಲೆಕ್ಕ ತಪ್ಪಿದರೆ ಮಾಲಕರ ಜೇಬಿಗೆ ನೇರ ಏಟು ಬೀಳುತ್ತದೆಯೇ? ಎರಡಕ್ಕೂ ಹೌದು ಎಂಬ ಉತ್ತರ ಬೆಳಗಾವಿಯಲ್ಲಿ ಫೌಂಡ್ರಿ ಮತ್ತು ಮಷಿನ್ ಶಾಪಿಗೆ ಬರುತ್ತದೆ. ಕೈಮಗ್ಗದ ಬಗ್ಗೆ ಎಷ್ಟೇ ಪ್ರೀತಿಯಿದ್ದರೂ ಆರಂಭಕ್ಕೆ ಅದು ಬೇಡ. ನೇಕಾರರ ಕೈಯಲ್ಲಿ ಸಾಫ್ಟ್‌ವೇರಿಗೆ ಕೊಡುವಷ್ಟು ಹಣ ಉಳಿಯುವುದಿಲ್ಲ, ಅವರಿಂದ ಕೇಳುವುದೂ ಸರಿಯಲ್ಲ.

ಫೌಂಡ್ರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ, ಏಕೆಂದರೆ ಹೊರಗಿನಿಂದ ತಂದ ಸಿದ್ಧ ಸಾಫ್ಟ್‌ವೇರು ಇಲ್ಲಿ ಹೆಚ್ಚು ಸೋಲುತ್ತದೆ. ಕಾರಣ ಸ್ಪಷ್ಟವಿದೆ. ಸಾಮಾನ್ಯ ದಾಸ್ತಾನು ಸಾಫ್ಟ್‌ವೇರು ನಗ, ಅಂದರೆ ಬಿಡಿ ವಸ್ತುಗಳನ್ನು, ಎಣಿಸುತ್ತದೆ. ಫೌಂಡ್ರಿ ಕಚ್ಚಾ ಮಾಲನ್ನು ಕಿಲೋದಲ್ಲಿ ಕೊಳ್ಳುತ್ತದೆ, ಕಿಲೋದಲ್ಲಿ ಕರಗಿಸುತ್ತದೆ, ಒಬ್ಬ ಗಿರಾಕಿಗೆ ಕಿಲೋ ದರದಲ್ಲಿ, ಇನ್ನೊಬ್ಬನಿಗೆ ನಗದ ದರದಲ್ಲಿ ಮಾರುತ್ತದೆ. ನಡುವೆ ಅಚ್ಚಿಗೆ ಲೋಹ ಹರಿಸುವ, ಉಣಿಸುವ ರನ್ನರ್, ರೈಸರ್ ಕಡಿದದ್ದು ಮತ್ತೆ ಭಟ್ಟಿಗೆ ಹೋಗುತ್ತದೆ. ಕಿಲೋದಿಂದ ನಗಕ್ಕೆ ಬದಲಿಸಲು ಒಂದು ಪ್ರಮಾಣ ತೂಕ ಹಾಕಿರುತ್ತಾರೆ, ಆದರೆ ಮರಳಿನ ಅಚ್ಚು ಸಡಿಲವಾಗಿ ಅದರ ಗೋಡೆ ಉಬ್ಬಿದರೆ ಆ ತೂಕ ಏರುತ್ತದೆ. 4.2 ಕಿಲೋ ಎಂದು ಬರೆದಿಟ್ಟ ಎರಕ 4.35 ಕಿಲೋ ಬರುತ್ತಿದೆ ಎಂದುಕೊಳ್ಳಿ. ನಗದ ದರದಲ್ಲಿ 10,000 ನಗ ಕಳಿಸಿದರೆ 1,500 ಕಿಲೋ ಲೋಹ ಪುಕ್ಕಟೆ ಹೋಯಿತು. ಪ್ರತಿ ಪ್ಯಾಟರ್ನಿನ (ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ) ಐದು ನಗವನ್ನು ವಾರಕ್ಕೊಮ್ಮೆ ತೂಗಿ, ವ್ಯತ್ಯಾಸ 2% ದಾಟಿದರೆ ಕೆಂಪು ತೋರಿಸುವ ಒಂದು ಸಣ್ಣ ಪರದೆ, ಲಕ್ಷಗಟ್ಟಲೆಯ ಇಆರ್‌ಪಿಗಿಂತ ಮಾಲಕರಿಗೆ ಹೆಚ್ಚು ಬೆಲೆಯುಳ್ಳದ್ದು.

ಹಣ ಸಿಗುವ ಇನ್ನೊಂದು ಜಾಗ ಹೀಟ್ ನಂಬರಿನ ಜಾಡು. ದೋಷ ಎಷ್ಟೋ ಸಲ ಗೊತ್ತಾಗುವುದು ಗಿರಾಕಿಯ ಮಷಿನ್ ಶಾಪಿನಲ್ಲಿ, ಮೇಲ್ಪದರ ಕೆತ್ತಿದ ಮೇಲೆ. ಆಗ ಹಿಂದಕ್ಕೆ ಹೋಗಿ ನೋಡಲು ಆ ಹೀಟಿನ ಸಮಯ, ಭಟ್ಟಿ, ಪಿಗ್ ಐರನ್ (ಕಚ್ಚಾ ಕಬ್ಬಿಣ), ಸ್ಕ್ರ್ಯಾಪು, ರಿಟರ್ನು (ಮರಳಿ ಭಟ್ಟಿಗೆ ಬಂದದ್ದು) ಎಷ್ಟೆಷ್ಟು ಹಾಕಿದರು, ಇನಾಕ್ಯುಲೆಂಟ್ (ಎರಕದ ಗುಣ ಸರಿಪಡಿಸಲು ಸೇರಿಸುವ ವಸ್ತು) ಎಷ್ಟು, ಸುರಿದ ಉಷ್ಣಾಂಶ, ಲೋಹದಲ್ಲಿ ಏನೇನಿದೆ ಎಂದು ಹೇಳುವ ಸ್ಪೆಕ್ಟ್ರೋಮೀಟರ್ ವರದಿ, ಅಂದಿನ ಮರಳಿನ ತೇವಾಂಶ ಮತ್ತು ಕಂಪ್ಯಾಕ್ಟಿಬಿಲಿಟಿ (ಮರಳು ಎಷ್ಟು ಅದುಮಿಕೊಳ್ಳುತ್ತದೆ), ಯಾವ ಪ್ಯಾಟರ್ನಿನ ಎಷ್ಟು ಬಾಕ್ಸ್ ಸುರಿದರು ಎಂಬುದು ಒಂದೇ ಕಡೆ ಸಿಗಬೇಕು. ಇದರಲ್ಲಿ ಬಹುಪಾಲು ಈಗಾಗಲೇ ಯಾರದೋ ನೋಟುಬುಕ್ಕಿನಲ್ಲಿ ಇರುತ್ತದೆ. ಕೆಲಸವಿರುವುದು ಆ ನಾಲ್ಕು ನೋಟುಬುಕ್ಕುಗಳನ್ನು ಒಂದೇ ನಂಬರಿಗೆ ಕಟ್ಟುವುದರಲ್ಲಿ.

ಹೊಸಬರು ಇಲ್ಲಿ ಮಾಡುವ ತಪ್ಪು, ಶಾಪ್‌ಫ್ಲೋರಿಗೆ ಟ್ಯಾಬ್ಲೆಟ್ ಕೊಡುವುದು. ಕಬ್ಬಿಣದ ಧೂಳು, ಕಾವು, ಕೈಗವಸು ಇವುಗಳ ನಡುವೆ ಅದು ಮಳೆಗಾಲ ದಾಟುವುದಿಲ್ಲ. ಎರಕಕ್ಕೆ ಅಂಟಿಸಿದ ಕ್ಯೂಆರ್ ಚೀಟಿ ಶಾಟ್ ಬ್ಲಾಸ್ಟಿಂಗಿನಲ್ಲಿ, ಅಂದರೆ ಉಕ್ಕಿನ ಗುಂಡು ಸಿಡಿಸಿ ಎರಕವನ್ನು ಶುಚಿಮಾಡುವಾಗ, ಹಾರಿಹೋಗುತ್ತದೆ. ಹೀಟ್ ನಂಬರನ್ನು ಎರಕದಲ್ಲೇ ಮೂಡಿಸಬೇಕು ಇಲ್ಲವೇ ಪಂಚ್ ಹೊಡೆಯಬೇಕು. ಅಚ್ಚು ಹಾಕಿದ ಒಂದು ಪುಟದ ಹೀಟ್ ಚೀಟಿಯನ್ನು ಪೆನ್ನಿನಲ್ಲಿ ತುಂಬಿ, ಪಾಳಿ ಮುಗಿದ ಮೇಲೆ ಆಫೀಸಿನಲ್ಲಿ ಕೂತು ಕಂಪ್ಯೂಟರಿಗೆ ಏರಿಸುವ ಪದ್ಧತಿ ಹಳೆಯದೆನಿಸಿದರೂ ನಿಲ್ಲುತ್ತದೆ. ಚೀಟಿಯ ಮೇಲಿನ ಖಾನೆಗಳೂ ಪರದೆಯ ಮೇಲಿನ ಖಾನೆಗಳೂ ಒಂದೇ ಕ್ರಮದಲ್ಲಿರಬೇಕು, ಇಲ್ಲದಿದ್ದರೆ ಏರಿಸುವವರು ತಪ್ಪುತ್ತಾರೆ. ಹೆಸರುಗಳು ಕನ್ನಡದಲ್ಲೂ ಮರಾಠಿಯಲ್ಲೂ ಕಾಣಬೇಕು. ಬೆಳಗಾವಿಯ ಶಾಪ್‌ಫ್ಲೋರಿನಲ್ಲಿ ಎರಡೂ ನಡೆಯುತ್ತವೆ.

ನೋಡುವುದಕ್ಕೂ ಹಣ

"ಸರ, ಬಂದು ನೋಡಾಕ ಏನ್ ರೊಕ್ಕ ರೀ?" ಈ ಪ್ರಶ್ನೆ ಎಲ್ಲರಿಗೂ ಎದುರಾಗುತ್ತದೆ. ಮೊದಲ ಭೆಟ್ಟಿ, ಒಂದು ತಾಸಿನ ಮಾತು, ಪುಕ್ಕಟೆ ಇರಲಿ. ಅದರ ನಂತರದ ತಪಾಸಣೆಗೆ ಹಣ ತೆಗೆದುಕೊಳ್ಳಲೇಬೇಕು. ಪುಕ್ಕಟೆ ಬರೆದುಕೊಟ್ಟ ವರದಿಯನ್ನು ಮಾಲಕರು ಇನ್ನೊಬ್ಬರಿಗೆ ತೋರಿಸಿ ಕಡಿಮೆ ದರ ಕೇಳುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ, ಬೆಲೆ ಹಾಕದೆ ಕೊಟ್ಟವರು ನೀವು.

ದರ ಹೇಗೆ ಕಟ್ಟುವುದು? ವರ್ಷಕ್ಕೆ ಮನೆಗೆ ಬೇಕಾದದ್ದು 6 ಲಕ್ಷ, ಕಚೇರಿ, ಪೆಟ್ರೋಲು, ಲೈಸೆನ್ಸು, ವಿಮೆ ಸೇರಿ 2.4 ಲಕ್ಷ, ತೆರಿಗೆಗೂ ಆಪತ್ತಿಗೂ 1.6 ಲಕ್ಷ ಎಂದಿಟ್ಟುಕೊಳ್ಳಿ. ಒಟ್ಟು 10 ಲಕ್ಷ. 365 ದಿನಗಳಲ್ಲಿ ಭಾನುವಾರ, ಹಬ್ಬ, ಜ್ವರ, ವಸೂಲಿ ಓಡಾಟ, ಕೊಟೇಶನ್ನು ಬರೆಯುವುದು, ಕಲಿಯುವುದು ಎಲ್ಲ ಕಳೆದರೆ ಬಿಲ್ಲು ಹಾಕಬಹುದಾದ ದಿನ 125ರ ಆಚೆ ಹೋಗುವುದು ಅಪರೂಪ. 10 ಲಕ್ಷವನ್ನು 125ರಿಂದ ಭಾಗಿಸಿದರೆ ದಿನಕ್ಕೆ 8,000 ರೂಪಾಯಿ. ಹಳೆಯ ಸಂಬಳವನ್ನು 30ರಿಂದ ಭಾಗಿಸಿ ದಿನದ ದರ ಹೇಳುವವರು ಎರಡನೆಯ ವರ್ಷದಲ್ಲಿ ಮತ್ತೆ ನೌಕರಿ ಹುಡುಕುತ್ತಾರೆ.

ತಪಾಸಣೆಗೆ ನಾಲ್ಕು ದಿನ ಇಡಿ: ಎರಡು ದಿನ ಶಾಪ್‌ಫ್ಲೋರಿನಲ್ಲಿ, ಅದರಲ್ಲಿ ಒಂದು ರಾತ್ರಿ ಪಾಳಿ ಇರಲೇಬೇಕು. ಒಂದು ದಿನ ಅಕೌಂಟ್ಸ್‌ನವರ ಜೊತೆ, ಒಂದು ದಿನ ಬರೆಯಲು. 32,000 ರೂಪಾಯಿ. ಮುಂದಿನ ಕೆಲಸ ನಿಮಗೇ ಕೊಟ್ಟರೆ ಇದರಲ್ಲಿ ಅರ್ಧವನ್ನು ಅಲ್ಲಿ ಮುರಿದುಕೊಳ್ಳುತ್ತೇನೆ ಎಂದರೆ ಮಾತು ಬೇಗ ಮುಗಿಯುತ್ತದೆ. ವರದಿ ಆರು ಪುಟ ದಾಟಬಾರದು, ಮೊದಲ ಪುಟದಲ್ಲಿ ರೂಪಾಯಿಯಲ್ಲಿ ನಷ್ಟ ಎಲ್ಲಿದೆ ಎಂಬುದಿರಬೇಕು.

ಮುಂದಿನ ಕೆಲಸದ ಕರಾರಿನಲ್ಲಿ ಮಾಡುವುದನ್ನು ಬರೆದಷ್ಟೇ ವಿವರವಾಗಿ ಮಾಡದಿರುವುದನ್ನೂ ಬರೆಯಿರಿ. ಹಳೆಯ ದತ್ತಾಂಶ ಎಷ್ಟು ವರ್ಷದ್ದು ತರುತ್ತೀರಿ, ಎಷ್ಟು ವರದಿಗಳು, ಪ್ರಿಂಟರ್ ಕೆಟ್ಟರೆ ಯಾರು, ಲೆಕ್ಕದ ಸಾಫ್ಟ್‌ವೇರು ಟ್ಯಾಲಿಯ ಲೈಸೆನ್ಸು ಯಾರದು. ಹಣವನ್ನು 30% ಮುಂಗಡ, 30% ಅವರದೇ ಒಂದು ತಿಂಗಳ ದತ್ತಾಂಶದ ಮೇಲೆ ತೋರಿಸಿದಾಗ, 30% ಮೊದಲ ತಿಂಗಳ ಲೆಕ್ಕದ ಮುಕ್ತಾಯ ಹೊಂದಿಕೆಯಾದಾಗ, 10% ಮೂರು ತಿಂಗಳ ಮೇಲೆ ಎಂದು ಹಂಚಿದರೆ ಇಬ್ಬರಿಗೂ ಅಂಜಿಕೆಯಿಲ್ಲ. "ಕೆಲಸ ಮುಗಿದ ಮೇಲೆ ಪೂರ್ತಿ" ಎಂಬ ಮಾತಿಗೆ ಒಪ್ಪಬೇಡಿ. ಸಾಫ್ಟ್‌ವೇರಿನಲ್ಲಿ ಮುಗಿಯಿತು ಎನ್ನುವ ದಿನವನ್ನು ಕಾಗದದಲ್ಲಿ ಬರೆದಿಡದಿದ್ದರೆ ಅದು ಬರುವುದೇ ಇಲ್ಲ.

ಜಾರಿಯ ದಿನಗಳಲ್ಲಿ ಕೆಡುವುದು

ಏಪ್ರಿಲ್ 1ರಂದು ಹೊಸ ವ್ಯವಸ್ಥೆ ಶುರುಮಾಡುವುದು ಕಾಗದದ ಮೇಲೆ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಮಾರ್ಚ್-ಏಪ್ರಿಲ್‌ನಲ್ಲಿ ಅಕೌಂಟ್ಸ್‌ನವರಿಗೆ ವರ್ಷಾಂತ್ಯದ ಕೆಲಸದಿಂದ ತಲೆಯೆತ್ತಲು ಆಗುವುದಿಲ್ಲ, ಆರಂಭದ ದಾಸ್ತಾನೂ ಪಕ್ಕಾ ಆಗಿರುವುದಿಲ್ಲ. ಜುಲೈ 1 ಅಥವಾ ಅಕ್ಟೋಬರ್ 1 ಒಳ್ಳೆಯದು. ವರ್ಷದ ನಡುವೆ ಬದಲಿಸುವಾಗ ಇನ್‌ವಾಯ್ಸ್ ನಂಬರಿಗೆ ಹೊಸ ಮೊದಲಕ್ಷರ ಕೊಡಿ. ಜಿಎಸ್‌ಟಿ ನಿಯಮದಂತೆ ಒಂದು ಹಣಕಾಸು ವರ್ಷದಲ್ಲಿ ನಂಬರು ಮರುಕಳಿಸಬಾರದು, 16 ಅಕ್ಷರ ಮೀರಬಾರದು. ಕನಿಷ್ಠ ಎರಡು ತಿಂಗಳ ಮುಕ್ತಾಯದವರೆಗೆ ಹಳೆಯದೂ ಹೊಸದೂ ಜೊತೆಜೊತೆಗೆ ನಡೆಯಲಿ.

ವಾರ್ಷಿಕ ವಹಿವಾಟು 5 ಕೋಟಿ ದಾಟಿದ ಘಟಕಗಳಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ. ಕಂಪನಿಗಳಾಗಿರುವವರಿಗೆ 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರಿನಲ್ಲಿ ತಿದ್ದುಪಡಿಯ ಜಾಡು ಆರಿಸಲಾಗದಂತೆ ಉಳಿಯಬೇಕು. ಮಷಿನಿಂಗಿಗೆ ಹೊರಗೆ ಕಳಿಸಿದ ಎರಕ ಒಂದು ವರ್ಷದೊಳಗೆ ವಾಪಸ್ ಬರಬೇಕು ಅಥವಾ ಅಲ್ಲಿಂದಲೇ ಮಾರಾಟವಾಗಬೇಕು, ಇಲ್ಲದಿದ್ದರೆ ಕಳಿಸಿದ ದಿನವೇ ಮಾರಿದಂತೆ ಲೆಕ್ಕ. ಜಾಬ್‌ವರ್ಕ್ ಚಲನ್ ಯಾವುದು ಎಷ್ಟು ದಿನದ್ದು ಎಂಬ ಒಂದೇ ವರದಿ, ಮಾಲಕರು ಸಿಎ ಕಚೇರಿಯಿಂದ ಕೇಳುವ ಮೊದಲ ವರದಿ. ಟ್ಯಾಲಿಯನ್ನು ತೆಗೆದುಹಾಕಲು ಹೋಗಬೇಡಿ. ಅಕೌಂಟೆಂಟ್ ಅದನ್ನು ಬಿಡುವುದಿಲ್ಲ, ಬಿಡಿಸುವ ಅಗತ್ಯವೂ ಇಲ್ಲ. ಟ್ಯಾಲಿಯ ಸರ್ವರ್ ವಿಧಾನ ಚಾಲೂ ಮಾಡಿ, ಸಾಮಾನ್ಯವಾಗಿ 9000 ಪೋರ್ಟಿನ ಮೇಲೆ, ಎಕ್ಸ್‌ಎಂಎಲ್ ಮೂಲಕ ವೋಚರ್ ಕಳಿಸಬಹುದು. ಎಡವುವುದು ಲೆಡ್ಜರ್ (ಖಾತೆ) ಹೆಸರಿನಲ್ಲಿ. ಒಂದು ಅಕ್ಷರ ಬೇರೆಯಾದರೂ ಹೆಸರು ಹೊಂದದೆ ವೋಚರ್ ತಿರಸ್ಕೃತವಾಗುತ್ತದೆ. ಕಳಿಸುವ ಮುಂಚೆ ಲೆಡ್ಜರ್ ಪಟ್ಟಿ ತಂದು ಹೊಂದಿಸುವ ಒಂದು ಹಂತ ಇಡಿ.

ಸಕ್ಕರೆ ಕಾರ್ಖಾನೆ, ಸಿಮೆಂಟು, ಧಾನ್ಯದ ಕಡೆ ಕೆಲಸ ಹಿಡಿದರೆ ವೇಬ್ರಿಡ್ಜ್ (ಲಾರಿ ತೂಗುವ ತಕ್ಕಡಿ) ಬಿಟ್ಟು ಗತಿಯಿಲ್ಲ. ತೂಕದ ಇಂಡಿಕೇಟರು ಆರ್‌ಎಸ್-232 ತಂತಿಯಲ್ಲಿ ಒಂದೇ ಸಮನೆ ಅಂಕಿ ಕಳಿಸುತ್ತಿರುತ್ತದೆ. ವೇಗ 1200, 2400 ಅಥವಾ 9600 ಬಾಡ್, ಇಂಡಿಕೇಟರಿನ ಪುಸ್ತಕದಲ್ಲಿ ಇರುತ್ತದೆ. ಆ ತಂತಿ 15 ಮೀಟರಿನಾಚೆ ನಂಬಿಕೆಗೆ ಅರ್ಹವಲ್ಲ. ತೂಕದ ಕೋಣೆಗೂ ಆಫೀಸಿಗೂ ಅದಕ್ಕಿಂತ ದೂರವಿದ್ದರೆ ಆರ್‌ಎಸ್-485 ಅಥವಾ ಈಥರ್ನೆಟ್ ಪರಿವರ್ತಕ ಹಾಕಿ. ಯುಎಸ್‌ಬಿ ಪರಿವರ್ತಕವನ್ನು ಬೇರೆ ತೂತಿಗೆ ಚುಚ್ಚಿದರೆ ಕಾಮ್ ಪೋರ್ಟಿನ ನಂಬರು ಬದಲಾಗಿ ತೂಕ ನಿಲ್ಲುತ್ತದೆ. ರಾತ್ರಿ ಎರಡು ಗಂಟೆಗೆ ಫೋನು ಬರುವುದು ಹೆಚ್ಚಾಗಿ ಇದಕ್ಕೇ. ಗಾಡಿ ಇನ್ನೂ ಅಲುಗುತ್ತಿರುವಾಗ ಬಂದ ಅಂಕಿಯನ್ನು ಹಿಡಿಯಬಾರದು. ಮೂರು ಸೆಕೆಂಡು ಒಂದೇ ಅಂಕಿ ನಿಂತ ಮೇಲಷ್ಟೇ ಗುಂಡಿ ತೆರೆಯಲಿ. ಮುಂಗಾರಿನ ಮೊದಲ ಸಿಡಿಲಿಗೆ ಪೋರ್ಟು ಸುಡುತ್ತದೆ, ಆದ್ದರಿಂದ ತಂತಿಗೂ ಕಂಪ್ಯೂಟರಿಗೂ ನೇರ ವಿದ್ಯುತ್ ಸಂಪರ್ಕ ತಪ್ಪಿಸುವ ಆಪ್ಟೋ ಐಸೊಲೇಟರ್ ಹಾಕಿ, ಒಂದು ಪರಿವರ್ತಕವನ್ನು ಕಪಾಟಿನಲ್ಲಿ ಇಟ್ಟಿರಿ. ಕಬ್ಬು ಅರೆಯುವ ಹಂಗಾಮು ಶುರುವಾದ ಮೇಲೆ ಏನನ್ನೂ ಬದಲಿಸಬಾರದು. ಸಪ್ಟೆಂಬರಿನೊಳಗೆ ಎಲ್ಲ ಮುಗಿದಿರಬೇಕು. ವಿಜಯಪುರದ ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜಿಗೆ ಇದೇ ಗಡುವು ಜನವರಿ. ಅಲ್ಲಿ ಮುಖ್ಯ ಸಂಗತಿ ಲಾಟ್ ನಂಬರು ಮತ್ತು ಬ್ಯಾಂಕಿನ ಹಕ್ಕು. ಸಾಲವಿರುವ ಲಾಟನ್ನು ಬ್ಯಾಂಕಿನ ಒಪ್ಪಿಗೆ ಪತ್ರವಿಲ್ಲದೆ ಗೇಟು ದಾಟಿಸದಂತೆ ಸಾಫ್ಟ್‌ವೇರು ತಡೆಯಬೇಕು.

ರೈತರ ಪಟ್ಟಿ ಇರುವಲ್ಲೆಲ್ಲ ಒಂದು ತೊಡಕು ಕಾದಿರುತ್ತದೆ. ಹಳೆಯ ಪಟ್ಟಿಗಳು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಇರುತ್ತವೆ, ಯೂನಿಕೋಡಿಗೆ ತಿರುಗಿಸಿದಾಗ ಅರ್ಕಾವೊತ್ತು, ಒತ್ತಕ್ಷರ, ದೀರ್ಘ ಜಾಗ ಬದಲಿಸುತ್ತವೆ. ಪರಿವರ್ತಕವನ್ನು ನಂಬಿ ಹತ್ತು ಸಾವಿರ ಹೆಸರು ಒಮ್ಮೆಲೇ ಏರಿಸಬೇಡಿ. "ರ್" ಮತ್ತು ಒತ್ತಕ್ಷರ ಇರುವ ಹೆಸರುಗಳನ್ನೇ ಆರಿಸಿ ಇನ್ನೂರು ಸಾಲು ಕಣ್ಣಿನಿಂದ ನೋಡಿ. ಬಸಪ್ಪ, ಬಸವಪ್ಪ ಎಂದು ಒಬ್ಬರದೇ ಎರಡು ಖಾತೆ ಇರುತ್ತವೆ, ಒಂದೇ ಹೆಸರಿನ ಇಬ್ಬರೂ ಇರುತ್ತಾರೆ. ಹೆಸರಿನ ಮೇಲೆ ಹೊಂದಿಸದೆ ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ, ಮೊಬೈಲ್ ಮೂರರಲ್ಲಿ ಎರಡು ಹೊಂದಿದರಷ್ಟೇ ಒಂದಾಗಿಸಿ. ಕಬ್ಬಿನ ಹಣ ಬೇರೊಬ್ಬರ ಖಾತೆಗೆ ಹೋದರೆ ಹಳ್ಳಿಯಲ್ಲಿ ಏನಾಗುತ್ತದೆ ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ.

ಭದ್ರತೆಯ ಬಗ್ಗೆ ಚಿಕ್ಕದಾಗಿ: ಮನೆಯಿಂದ ಟ್ಯಾಲಿ ನೋಡಲೆಂದು ರೌಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದಿಟ್ಟ ಕಚೇರಿ ಕಂಡರೆ, ಬೇರೆ ಎಲ್ಲ ಕೆಲಸ ಬಿಟ್ಟು ಮೊದಲು ಅದನ್ನು ಮುಚ್ಚಿ ವಿಪಿಎನ್ (ಹೊರಗಿನವರು ನುಸುಳದ ಖಾಸಗಿ ಸಂಪರ್ಕ) ಹಾಕಿ. ಫೈಲುಗಳನ್ನು ಬೀಗ ಹಾಕಿ ಹಣ ಕೇಳುವವರು ಒಳಬರುವ ಸಾಮಾನ್ಯ ದಾರಿ ಅದು. ಬ್ಯಾಕಪ್ಪಿನ ಒಂದು ಪ್ರತಿ ಕಂಪ್ಯೂಟರಿನಿಂದ ಬಿಡಿಸಿಟ್ಟ ಡಿಸ್ಕಿನಲ್ಲಿರಬೇಕು, ತಿಂಗಳಿಗೊಮ್ಮೆ ಅದನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು. ದಾಳಿಯಾದರೆ 2022ರ ಏಪ್ರಿಲ್‌ನ ನಿರ್ದೇಶನದಂತೆ 6 ತಾಸಿನೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಎಂಬುದು ಮಾಲಕರಿಗೂ ಗೊತ್ತಿರಲಿ.

ಬಿಲ್ಲು, ತೆರಿಗೆ, ವಸೂಲಿ

ಸೇವೆಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ. ಕೊಲ್ಲಾಪುರಕ್ಕೆ ಅಥವಾ ಗೋವಾಕ್ಕೆ ಸೇವೆ ಕೊಟ್ಟ ಕೂಡಲೇ ನೋಂದಣಿ ಬೇಕು ಎಂಬ ತಪ್ಪು ತಿಳಿವಳಿಕೆ ಇದೆ. ಸೇವೆಗಳಿಗೆ ಅಂತರರಾಜ್ಯವಾದರೂ ಅದೇ ಮಿತಿ. ಆದರೂ ಫೌಂಡ್ರಿಗಳಂಥ ಗಿರಾಕಿಗಳಿದ್ದರೆ ಬೇಗ ನೋಂದಾಯಿಸುವುದೇ ಲೇಸು. ಅವರಿಗೆ 18% ಭಾರವಾಗುವುದಿಲ್ಲ, ವಾಪಸ್ ಪಡೆಯುತ್ತಾರೆ, ನಿಮಗೂ ಲ್ಯಾಪ್‌ಟಾಪು, ಸರ್ವರಿನ ಮೇಲಿನ ತೆರಿಗೆ ಸಿಗುತ್ತದೆ. ಬಿಲ್ಲಿನಲ್ಲಿ ಸೇವೆಯ ಬಗೆ ಗುರುತಿಸುವ ಎಸ್‌ಎಸಿ ಸಂಕೇತ ಸಲಹೆಗೆ 998313, ಸಾಫ್ಟ್‌ವೇರ್ ವಿನ್ಯಾಸ-ಅಭಿವೃದ್ಧಿಗೆ 998314.

1,00,000 ರೂಪಾಯಿಯ ಬಿಲ್ಲಿಗೆ 18,000 ಜಿಎಸ್‌ಟಿ ಸೇರಿ 1,18,000. ಗಿರಾಕಿ 10% ಟಿಡಿಎಸ್ (ಹಣ ಕೊಡುವಾಗಲೇ ಕಡಿಯುವ ಆದಾಯ ತೆರಿಗೆ) ಹಿಡಿದರೆ ಜಿಎಸ್‌ಟಿ ಬಿಟ್ಟ ಮೊತ್ತದ ಮೇಲೆ 10,000 ಕಡಿತ, ಕೈಗೆ 1,08,000. ಅದರಲ್ಲಿ 18,000 ನಿಮ್ಮದಲ್ಲ. ಬಂದ ದಿನವೇ ಬೇರೆ ಖಾತೆಗೆ ಹಾಕಿ. ಜಿಎಸ್‌ಟಿ ಬಿಲ್ಲಿನ ದಿನಾಂಕದ ಮೇಲೆ ನಿಲ್ಲುತ್ತದೆ, ಗಿರಾಕಿ ಕೊಡಲಿ ಬಿಡಲಿ ನೀವು ಕಟ್ಟಬೇಕು. ಅದಕ್ಕೇ ಮೊದಲು ಪ್ರೊಫಾರ್ಮಾ (ತೆರಿಗೆ ಬಿಲ್ಲಿಗೆ ಮುಂಚಿನ ಕಚ್ಚಾ ಬಿಲ್ಲು) ಕಳಿಸಿ, ಹಣ ಬಂದಾಗ ತೆರಿಗೆ ಬಿಲ್ಲು ಹಾಕುವುದು ರೂಢಿ. ಆದರೆ ಸೇವೆ ಮುಗಿದು 30 ದಿನದೊಳಗೆ ಬಿಲ್ಲು ಆಗಲೇಬೇಕು, ಮುಂಗಡ ಬಂದರೆ ಅದರ ಮೇಲೂ ತೆರಿಗೆ ಇದೆ. ಟಿಡಿಎಸ್ ಹಿಡಿದು ನಿಮ್ಮ ಪ್ಯಾನ್‌ಗೆ ಜಮಾ ಮಾಡದವರೂ ಇರುತ್ತಾರೆ, ಮೂರು ತಿಂಗಳಿಗೊಮ್ಮೆ ಆದಾಯ ತೆರಿಗೆ ಪೋರ್ಟಲಿನಲ್ಲಿ ಟಿಡಿಎಸ್ ಜಮೆಯ ಪಟ್ಟಿ ತೆಗೆದು ನೋಡಿ.

ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿಗೆ ಒಂದು ಪೈಸೆ ಖರ್ಚಿಲ್ಲ. ಅದನ್ನು ಮೊದಲ ಬಿಲ್ಲಿಗಿಂತ ಮುಂಚೆ ಮಾಡಿಸಿ, ನಂಬರನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ. ಸಣ್ಣ ಉದ್ಯಮಗಳ ಬಗೆಗಿನ 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಬರಹದ ಕರಾರಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ಹಣ ಬರಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದಕ್ಕಿಂತ ಹೆಚ್ಚು ಕೆಲಸ ಮಾಡುವುದು 2023-24ರಿಂದ ಬಂದ ಆದಾಯ ತೆರಿಗೆಯ ನಿಯಮ: ಈ ಗಡುವು ಮೀರಿ ಮಾರ್ಚ್ 31ಕ್ಕೂ ಬಾಕಿ ಉಳಿದ ಮೊತ್ತವನ್ನು ಗಿರಾಕಿ ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ, ಕೊಟ್ಟ ವರ್ಷದಲ್ಲಷ್ಟೇ ತೋರಿಸಬೇಕು. ಫೆಬ್ರವರಿ ಕೊನೆಗೆ ಬಾಕಿ ಪಟ್ಟಿಯನ್ನು ಮಾಲಕರಿಗೂ ಅವರ ಸಿಎಗೂ ಒಟ್ಟಿಗೆ ಕಳಿಸಿ. ಜಗಳವಿಲ್ಲದೆ ಹಣ ಬರುತ್ತದೆ.

ಒಬ್ಬರೇ ಇರುವಾಗ ಮಾಲೀಕತ್ವದ ರೂಪವೇ (ಪ್ರೊಪ್ರೈಟರ್‌ಶಿಪ್) ಸಾಕು. ವರ್ಷದ ಗಳಿಕೆ 50 ಲಕ್ಷದೊಳಗೆ, ನಗದು 5% ಮೀರದಿದ್ದರೆ 75 ಲಕ್ಷದೊಳಗೆ ಇದ್ದರೆ, ಅರ್ಧವನ್ನು ಲಾಭವೆಂದು ತೋರಿಸಿ ತೆರಿಗೆ ಕಟ್ಟುವ ಸೌಲಭ್ಯ ಐಟಿ ವೃತ್ತಿಪರರಿಗಿದೆ. ಮುಂಗಡ ತೆರಿಗೆಯನ್ನು ಮಾರ್ಚ್ 15ಕ್ಕೆ ಒಂದೇ ಕಂತಿನಲ್ಲಿ ಕಟ್ಟಬಹುದು. ಎಲ್‌ಎಲ್‌ಪಿಗೂ (ಸೀಮಿತ ಹೊಣೆಯ ಪಾಲುದಾರಿಕೆ) ಕಂಪನಿಗೂ ಈ ಸೌಲಭ್ಯವಿಲ್ಲ. ರಾಜ್ಯದ ವೃತ್ತಿ ತೆರಿಗೆ ವರ್ಷಕ್ಕೆ 2,500, ಏಪ್ರಿಲ್ 30ರೊಳಗೆ. ಇದನ್ನು ಮರೆಯುವವರು ಬಹಳ ಮಂದಿ.

ಸಲಹೆಯಿಂದ ಕಂಪನಿಗೆ

ಸಲಹೆಗಾರ ಸಂಸ್ಥಾಪಕನಾಗುವ ದಾರಿ ತೆರೆಯುವುದು ಅಥವಾ ಮುಚ್ಚುವುದು ಮೊದಲ ಕರಾರಿನಲ್ಲೇ. ಹೊರಗಿನವರಿಂದ ಬರೆಸಿದ ಸಾಫ್ಟ್‌ವೇರಿನ ಹಕ್ಕು, 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಬರಹದಲ್ಲಿ ವರ್ಗಾಯಿಸದ ಹೊರತು ಬರೆದವರಲ್ಲೇ ಉಳಿಯುತ್ತದೆ. ಗಿರಾಕಿಯ ವಕೀಲರು ಕಳಿಸುವ ಸಿದ್ಧ ಕರಾರಿನಲ್ಲಿ "ಎಲ್ಲ ಹಕ್ಕೂ ಗಿರಾಕಿಗೆ" ಎಂಬ ಸಾಲು ಇರುತ್ತದೆ. ಅದಕ್ಕೆ ಸಹಿ ಹಾಕಿದರೆ ಎರಡನೆಯ ಫೌಂಡ್ರಿಗೆ ಅದೇ ಕೋಡ್ ಕೊಡುವಂತಿಲ್ಲ. ದತ್ತಾಂಶ ಪೂರ್ತಿ ನಿಮ್ಮದು, ನಿಮ್ಮ ಸಲುವಾಗಿಯೇ ಬರೆದ ವರದಿಗಳು ನಿಮ್ಮವು, ಸಾಮಾನ್ಯ ಭಾಗ ನಮ್ಮದು, ಅದನ್ನು ಬಳಸುವ ಶಾಶ್ವತ ಪರವಾನಗಿ ನಿಮಗೆ ಎಂದು ಬರೆಸಿ. ನಾವು ಅಂಗಡಿ ಮುಚ್ಚಿದರೆ ಮೂಲ ಕೋಡ್ ನಿಮ್ಮ ಕೈಗೆ ಎಂಬ ಸಾಲನ್ನು ನೀವೇ ಸೇರಿಸಿ. ಗಿರಾಕಿಗೆ ನಿಜವಾಗಿ ಬೇಕಾದ ಧೈರ್ಯ ಅದೇ. ಇನ್ನೂ ನೌಕರಿಯಲ್ಲಿರುವಾಗ ಕೋಡ್ ಬರೆಯುತ್ತಿದ್ದರೆ ನೇಮಕಾತಿ ಪತ್ರವನ್ನು ಮೊದಲು ಓದಿ. ಕಂಪನಿಯ ಲ್ಯಾಪ್‌ಟಾಪಿನಲ್ಲಿ ಒಂದು ಸಾಲೂ ಬೇಡ.

ಮೂರನೆಯ ಗಿರಾಕಿಯ ಹೊತ್ತಿಗೆ ಕೋಡ್ ಒಂದೇ ಇರಬೇಕು. ಪ್ರತಿಯೊಬ್ಬರಿಗೂ ಪ್ರತಿ ಮಾಡಿ ತಿದ್ದಿಕೊಡುವುದು ಆ ವಾರಕ್ಕೆ ಸುಲಭ. ಐದು ಫೌಂಡ್ರಿಗಳಾದ ಮೇಲೆ ಜಿಎಸ್‌ಟಿಯ ಒಂದು ಬದಲಾವಣೆಯನ್ನು ಐದು ಕಡೆ ತಿದ್ದಬೇಕಾಗುತ್ತದೆ, ಒಂದರಲ್ಲಿ ಬಿಟ್ಟುಹೋಗುತ್ತದೆ. ಗಿರಾಕಿಗೆ ತಕ್ಕ ವ್ಯತ್ಯಾಸಗಳೆಲ್ಲ ಸೆಟ್ಟಿಂಗಿನಲ್ಲಿರಲಿ. ಹೊಸ ಬೇಡಿಕೆ ಬಂದಾಗ ಇದು ಇನ್ನಿಬ್ಬರಿಗೆ ಉಪಯೋಗವೇ ಎಂದು ಕೇಳಿ. ಹೌದಾದರೆ ಉತ್ಪನ್ನಕ್ಕೆ ಸೇರಿಸಿ, ಅಲ್ಲವಾದರೆ ದಿನದ ದರದಲ್ಲಿ ಬಿಲ್ಲು ಹಾಕಿ.

ಬೆಲೆಯ ವಿಷಯದಲ್ಲಿ ತಿಂಗಳ ಚಂದಾ ಇಲ್ಲಿನ ಮಾಲಕರಿಗೆ ಒಗ್ಗುವುದಿಲ್ಲ. ಘಟಕಕ್ಕೊಂದು ಬೆಲೆ, ವರ್ಷದ ಮುಂಗಡ ಒಗ್ಗುತ್ತದೆ. ಬಳಸುವ ತಲೆಗೆ ಇಷ್ಟು ಎಂದು ಹಾಕಿದರೆ ನಾಲ್ಕು ಮಂದಿ ಒಂದೇ ಪಾಸ್‌ವರ್ಡ್ ಬಳಸುತ್ತಾರೆ, ಆಗ ಯಾರು ಏನು ತಿದ್ದಿದರು ಎಂಬ ಜಾಡೇ ಉಳಿಯುವುದಿಲ್ಲ. ಒಮ್ಮೆಲೇ ಲೈಸೆನ್ಸ್ ಮಾರಿದರೆ ವಾರ್ಷಿಕ ನಿರ್ವಹಣೆಗೆ ಅದರ 15ರಿಂದ 20% ಕೇಳುವುದು ರೂಢಿ. ನಿರ್ವಹಣೆಯಲ್ಲಿ ಎಷ್ಟು ಭೆಟ್ಟಿ, ಎಷ್ಟು ತಾಸಿನಲ್ಲಿ ಉತ್ತರ ಎಂಬುದು ಬರೆದಿರಬೇಕು.

ಮೊದಲ ನೌಕರ ಕೋಡ್ ಬರೆಯುವವರಾಗಬೇಕಿಲ್ಲ. ಕನ್ನಡ, ಮರಾಠಿ ಎರಡೂ ಬರುವ, ಫೋನಿನಲ್ಲಿ ತಾಳ್ಮೆಯಿಂದ ಮಾತಾಡುವ, ಸಾಧ್ಯವಾದರೆ ಯಾವುದಾದರೂ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೂತ ಅನುಭವವಿರುವ ಒಬ್ಬರು ಬೇಕು. ಅವರು ಬಂದ ಮೇಲಷ್ಟೇ ನಿಮಗೆ ಎಡೆಬಿಡದೆ ಎರಡು ತಾಸು ಕೂರಲು ಸಿಗುತ್ತದೆ.

ಪ್ರೈವೇಟ್ ಲಿಮಿಟೆಡ್ ಮಾಡುವುದು ಯಾವಾಗ? ಹೊರಗಿನ ಬಂಡವಾಳ ಬರುವಾಗ, ಪಾಲುದಾರರು ಸೇರುವಾಗ, ಅಥವಾ ದೊಡ್ಡ ಗಿರಾಕಿ ಕಂಪನಿಯೇ ಬೇಕೆಂದಾಗ. ಸ್ಟಾರ್ಟಪ್ ಇಂಡಿಯಾದ ಮಾನ್ಯತೆ ಮಾಲೀಕತ್ವದ ಸಂಸ್ಥೆಗೆ ಸಿಗುವುದಿಲ್ಲ, ಕಂಪನಿ, ಎಲ್‌ಎಲ್‌ಪಿ, ನೋಂದಾಯಿತ ಪಾಲುದಾರಿಕೆಗೆ ಸಿಗುತ್ತದೆ. ರಾಜ್ಯ ಸರ್ಕಾರದ ಎಲಿವೇಟ್ ಅನುದಾನಕ್ಕೆ ಅರ್ಜಿ ಹಾಕುವ ಯೋಚನೆಯಿದ್ದರೆ ಈ ಕಾಗದಗಳನ್ನು ಮೊದಲೇ ಸಿದ್ಧಮಾಡಿಕೊಳ್ಳಿ. ಆದರೆ ಕಂಪನಿಯಾದ ದಿನದಿಂದ ಗಡಿಯಾರ ಓಡುತ್ತದೆ: 30 ದಿನದೊಳಗೆ ಆಡಿಟರ್ ನೇಮಕ, 180 ದಿನದೊಳಗೆ ವ್ಯವಹಾರ ಆರಂಭದ ಘೋಷಣೆ, ವಹಿವಾಟು ಸೊನ್ನೆಯಿದ್ದರೂ ವರ್ಷಕ್ಕೊಮ್ಮೆ ಆಡಿಟ್. ವಾರ್ಷಿಕ ನಮೂನೆಗಳು ತಡವಾದರೆ ಪ್ರತಿ ನಮೂನೆಗೂ ದಿನಕ್ಕೆ 100 ರೂಪಾಯಿ. ಎಲ್‌ಎಲ್‌ಪಿಗಾದರೆ ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟುವವರೆಗೆ ಆ ಕಾಯ್ದೆಯಡಿ ಆಡಿಟ್ ಬೇಕಿಲ್ಲ.

ಪಾಲುದಾರರು ಗೆಳೆಯರೋ ಬೀಗರೋ ಆಗಿರುವುದು ನಮ್ಮ ಕಡೆ ಸಹಜ. ಅದಕ್ಕಾಗಿಯೇ ಷೇರುಗಳು ಒಮ್ಮೆಲೇ ಕೈಗೆ ಬರಬಾರದು. ನಾಲ್ಕು ವರ್ಷದಲ್ಲಿ ಹಂತಹಂತವಾಗಿ, ಮೊದಲ ವರ್ಷ ಪೂರ್ತಿಯಾಗುವ ಮುಂಚೆ ಬಿಟ್ಟರೆ ಏನೂ ಇಲ್ಲ ಎಂದು ಬರೆದುಕೊಳ್ಳಿ. ಯಾರು ಚೆಕ್ಕಿಗೆ ಸಹಿ ಹಾಕುತ್ತಾರೆ, ಡೊಮೈನು ಮತ್ತು ಕ್ಲೌಡ್ ಖಾತೆ ಯಾರ ಇಮೇಲಿನಲ್ಲಿದೆ, ಒಬ್ಬರು ನೌಕರಿ ಬಿಡದೆ ಇದ್ದರೆ ಅವರ ಪಾಲೆಷ್ಟು, ಇವು ಮೊದಲ ಬಿಲ್ಲಿಗೆ ಮುಂಚೆ ತೀರ್ಮಾನವಾಗಬೇಕು. ಡೊಮೈನು, ಕೋಡಿನ ಭಂಡಾರ, ಕ್ಲೌಡ್ ಮೂರನ್ನೂ ಕಂಪನಿಯ ಇಮೇಲಿಗೆ ಬದಲಿಸಿ, ಸಂಸ್ಥಾಪಕರು ಹಿಂದೆ ಬರೆದ ಕೋಡನ್ನು ಕಂಪನಿಗೆ ವರ್ಗಾಯಿಸುವ ಪತ್ರಕ್ಕೆ ಸಹಿ ಹಾಕಿಸಿ. ಆ ಪತ್ರದಲ್ಲಿ ಅವಧಿ, ಪ್ರದೇಶ ಎರಡನ್ನೂ ನಮೂದಿಸಿ. ನಮೂದಿಸದಿದ್ದರೆ ಕಾಯ್ದೆ ಅದನ್ನು ಐದು ವರ್ಷಕ್ಕೆ, ಭಾರತದೊಳಗೆ ಮಾತ್ರ ಎಂದು ಎಣಿಸುತ್ತದೆ.